ಬಡಾವಣೆ ಬಂದರೆ ಕಂದಾಯದ ಹೊರೆ ಯಾರಿಗೆ?

ಹೊಸೂರು, ಡೆಂಕಣಿಕೋಟೆ ಸೀಮೆಯ ಹಳ್ಳಿಗಳಲ್ಲಿ ಈಗ ಮಳೆಬೆಳೆಯ ಮಾತಿಗಿಂತ ಸೈಟಿನ ಮಾತೇ ಹೆಚ್ಚಾಗಿದೆ. ರಾಗಿಯ ಹೊಲದಲ್ಲಿ ಸಾಲಾಗಿ ಕಲ್ಲು ನೆಟ್ಟು, ತಲೆಗೆ ಬಣ್ಣ ಬಳಿದು, ದಾರಿಯ ಬಾಯಿಗೆ ಒಂದು ಕಮಾನು ಕಟ್ಟಿ ನಾಲ್ಕು ಬಾವುಟ ಹಾರಿಸಿದರೆ ಬಡಾವಣೆ ಬಂತೆಂದೇ ಲೆಕ್ಕ. ಅದು ಬರುವುದಕ್ಕೆ ಮುಂಚೆಯೇ ಊರು ಎರಡು ಪಕ್ಷವಾಗಿರುತ್ತದೆ. ಅರಳಿಕಟ್ಟೆಯ ಒಂದು ಕಡೆ ಕುಳಿತವರು, "ಮನೆಗಳು ಬರಲಿ, ಮನೆಗಂದಾಯ ಬರುತ್ತದೆ, ಪಂಚಾಯಿತಿಗೆ ನಾಲ್ಕು ಕಾಸು ಸೇರಿದರೆ ನಮ್ಮ ಬೀದಿಗೂ ಚರಂಡಿಯಾಗುತ್ತದೆ" ಎನ್ನುತ್ತಾರೆ. ಇನ್ನೊಂದು ಕಡೆಯವರು, "ಅವರು ಬಂದರೆ ಊರನ್ನು ಪಟ್ಟಣಕ್ಕೆ ಸೇರಿಸುತ್ತಾರೆ, ತಾತನ ಕಾಲದ ಹೆಂಚಿನ ಮನೆಗೂ ಪಟ್ಟಣದ ಕಂದಾಯ ಕಟ್ಟಬೇಕಾಗುತ್ತದೆ" ಎನ್ನುತ್ತಾರೆ. ಎರಡು ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಎರಡೂ ಲೆಕ್ಕ ಹಾಕಿ ಆಡಿದ ಮಾತುಗಳೆಂದು ನಮಗೆ ತೋರುವುದಿಲ್ಲ.

ಇದು ಒಂದೇ ಊರಿನ ಸಂಗತಿಯಲ್ಲವಾದ್ದರಿಂದ ಯಾವ ಊರಿನ ಹೆಸರನ್ನೂ ನಾವು ಹೇಳಹೊರಟಿಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಹೊಸೂರಿಗೆ ಬಂದಂದಿನಿಂದ ಪಟ್ಟಣ ಹಳ್ಳಿಗಳ ಕಡೆಗೆ ನಡೆಯುತ್ತಲೇ ಇದೆ. 2011ರಲ್ಲಿ ಮತ್ತಿಗಿರಿ, ಜೂಜುವಾಡಿ ಮೊದಲಾದವು ಹೊಸೂರು ಪುರಸಭೆಯ ಒಳಗಾದವು. 2019ರ ಫೆಬ್ರವರಿಯಲ್ಲಿ ಪುರಸಭೆಯೇ ಮಹಾನಗರಪಾಲಿಕೆಯಾಯಿತು. ಗಡಿಯಾಚೆ ಬೆಂಗಳೂರಿನಲ್ಲಿ ನೆಲದ ಬೆಲೆ ಏರಿದ ಹಾಗೆಲ್ಲ ಈಚೆ ಸೈಟು ಹುಡುಕುವವರ ಸಂಖ್ಯೆಯೂ ಏರುತ್ತದೆ. ಬೇಡವೆಂದು ಬಾಗಿಲು ಹಾಕಿಕೊಂಡರೆ ನಿಲ್ಲುವ ಪ್ರವಾಹ ಇದಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಎರಡು ಎಕರೆ ಮಾರುವ ರೈತನನ್ನು ತಡೆಯುವ ಹಕ್ಕೂ ನಮಗಾರಿಗೂ ಇಲ್ಲ. ನಮ್ಮ ಮಕ್ಕಳಿಗೂ ಮನೆ ಬೇಕಷ್ಟೆ. ಬಡಾವಣೆ ಬೇಕೇ ಬೇಡವೇ ಎಂಬ ಜಗಳವನ್ನು ಬಿಟ್ಟು, ಅದರ ಖರ್ಚನ್ನು ಹೊರುವವರಾರು ಎಂದು ಕೇಳುವುದೇ ಸರಿಯಾದ ದಾರಿಯೆಂದು ನಮ್ಮ ಅಭಿಪ್ರಾಯ.

ಲೆಕ್ಕಕ್ಕಾಗಿ ಹತ್ತು ಎಕರೆ ಪುಂಜೆ ನೆಲವನ್ನು ಹಿಡಿಯೋಣ. ಹತ್ತು ಎಕರೆ ಎಂದರೆ 4,35,600 ಚದರಡಿ. ಅದರಲ್ಲಿ ನೂರಕ್ಕೆ 30 ಪಾಲು ರಸ್ತೆಗೆ ಹೋಯಿತೆನ್ನೋಣ. ಉಳಿದುದರಲ್ಲಿ ನೂರಕ್ಕೆ 10 ಪಾಲನ್ನು ಬಯಲು ಜಾಗವಾಗಿ ಬಿಟ್ಟು ಪಂಚಾಯಿತಿಗೆ ದಾನಪತ್ರ ಬರೆದುಕೊಡಬೇಕೆಂಬುದು ತಮಿಳುನಾಡಿನ ನಿಯಮ. ಅದು ಸುಮಾರು 70 ಸೆಂಟಾಗುತ್ತದೆ. ಮಿಕ್ಕ ನೆಲದಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ 228 ಸೈಟುಗಳಾಗುತ್ತವೆ. "228 ಮನೆ, 228 ಕಂದಾಯ!" ಎಂದು ಮೊದಲ ಪಕ್ಷದವರು ಹಿಗ್ಗುವುದು ಇಲ್ಲಿಯೇ.

ಆದರೆ ಸೈಟು ಕೊಂಡವರೆಲ್ಲರೂ ಮನೆ ಕಟ್ಟುವುದಿಲ್ಲ. ಬ್ಯಾಂಕಿನಲ್ಲಿ ಹಣವಿಡುವ ಬದಲು ನೆಲದಲ್ಲಿಟ್ಟವರೇ ಹೆಚ್ಚು. ಹತ್ತು ವರ್ಷ ಕಳೆದರೂ ಅಲ್ಲಿ ಲಂಟಾನವೂ ಪಾರ್ಥೇನಿಯಮ್ಮೂ ಬೆಳೆದಿರುವ ಬಡಾವಣೆಗಳನ್ನು ವಾಚಕರು ತಮ್ಮ ಕಣ್ಣಿನಿಂದಲೇ ನೋಡಿರುತ್ತಾರೆ. ಪಂಚಾಯಿತಿ ಹಾಕುವುದು ಮನೆಗಂದಾಯ. ಮನೆಯೇ ಇಲ್ಲದ ಮೇಲೆ ಕಂದಾಯವೆಲ್ಲಿಂದ ಬಂದೀತು? ಪಟ್ಟಣದಲ್ಲಾದರೆ ಖಾಲಿ ನಿವೇಶನಕ್ಕೂ ತೆರಿಗೆಯುಂಟು. ಹಳ್ಳಿಯಲ್ಲಿ ಆ ಆದಾಯವಿಲ್ಲ.

ಮೊದಲ ಐದಾರು ವರ್ಷಗಳಲ್ಲಿ ಇಪ್ಪತ್ತು ಮನೆ ಎದ್ದುವೆಂದೂ ಒಂದೊಂದಕ್ಕೆ ವರ್ಷಕ್ಕೆ 500 ರೂಪಾಯಿ ಕಂದಾಯವೆಂದೂ ಇಟ್ಟುಕೊಳ್ಳಿ. ಹತ್ತು ಸಾವಿರವಾಯಿತು. ಈಗ ದೀಪದ ಲೆಕ್ಕ ನೋಡಿ. ಮೇಲೆ ಹೇಳಿದ ರಸ್ತೆಗಳು ಮೂವತ್ತಡಿ ಅಗಲದವಾದರೆ ಅವುಗಳ ಉದ್ದ ಸುಮಾರು 1,300 ಮೀಟರು. ಮೂವತ್ತು ಮೀಟರಿಗೊಂದು ಕಂಬವೆಂದರೆ 44 ಕಂಬ. ಇಪ್ಪತ್ತು ವಾಟಿನ ದೀಪ ರಾತ್ರಿ ಹನ್ನೆರಡು ಗಂಟೆ ಉರಿದರೆ, ಎಲ್ಲ ಸೇರಿ ವರ್ಷಕ್ಕೆ 3,850 ಯೂನಿಟ್ಟಿನ ಆಸುಪಾಸು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಮೂವತ್ತು ಸಾವಿರ ಮೀರುತ್ತದೆ. ದೀಪದ ಕರೆಂಟೊಂದಕ್ಕೇ ಇಷ್ಟು. ಕೆಟ್ಟ ದೀಪ ಬದಲಿಸುವ ಕೂಲಿ, ನೀರಿನ ಮೋಟಾರು, ಕಸ ಗುಡಿಸುವ ಆಳು, ಮಳೆಗೆ ಕಿತ್ತುಹೋದ ರಸ್ತೆ ಇವು ಯಾವುವೂ ಇದರಲ್ಲಿ ಸೇರಿಲ್ಲ. ಹತ್ತು ಸಾವಿರ ಬಂದು ಮೂವತ್ತು ಸಾವಿರ ಹೋದರೆ ನಡುವಿನ ಇಪ್ಪತ್ತು ಸಾವಿರವನ್ನು ತುಂಬುವವರು ಹಳೆಯ ಊರಿನವರೇ. ಅವರ ಕಂದಾಯ ಏರದಿದ್ದರೂ ಅವರ ಬೀದಿಗೆ ಬರಬೇಕಾಗಿದ್ದ ಚರಂಡಿ ನಿಂತುಹೋಗುತ್ತದೆ. ಇದು ಕೈಗೆ ಚೀಟಿ ಬಾರದ ತೆರಿಗೆ. ಆದಕಾರಣವೇ ಯಾರೂ ಇದರ ಮಾತೆತ್ತುವುದಿಲ್ಲ.

ಈ ಅಂಕಿಗಳು ನಾವು ಹಿಡಿದುಕೊಂಡವು. ನಿಮ್ಮ ಊರಿನ ಕಂದಾಯ, ನಿಮ್ಮ ಊರಿನ ಕರೆಂಟಿನ ಬಿಲ್ಲು ಪಂಚಾಯಿತಿಯ ಪುಸ್ತಕದಲ್ಲಿಯೇ ಇರುತ್ತವೆ. ಅವನ್ನು ಹಾಕಿಕೊಂಡು ನೋಡಿರಿ. 228 ಸೈಟಿನಲ್ಲಿಯೂ ಮನೆಯಾದರೆ ವರ್ಷಕ್ಕೆ 1,14,000 ರೂಪಾಯಿ ಬರುವುದು ನಿಜ. ಆ ಹೊತ್ತಿಗೆ ಅಲ್ಲಿ ಸುಮಾರು ಸಾವಿರ ಜನ ಇರುತ್ತಾರೆಂಬುದೂ, ಅವರಿಗೆಲ್ಲ ಕುಡಿಯುವ ನೀರು ಬೇಕೆಂಬುದೂ ಅಷ್ಟೇ ನಿಜ.

ಇನ್ನು ರಿಜಿಸ್ಟರ್ ಕಚೇರಿಯ ಹಣ. ಕ್ರಯಪತ್ರಕ್ಕೆ ನೂರಕ್ಕೆ 5 ಮುದ್ರಾಂಕ ಶುಲ್ಕ, ಸ್ಥಳೀಯ ಸಂಸ್ಥೆಗಳಿಗೆ ಸೇರತಕ್ಕ ವರ್ಗಾವಣೆ ಶುಲ್ಕ 2, ಅದರ ಮೇಲೆ 2023ರಲ್ಲಿ ಇಳಿಸಿದ ನೋಂದಣಿ ಶುಲ್ಕ 2, ಹೀಗೆ ಒಟ್ಟು 9. ಸೈಟು ಮಾರಾಟವಾಗುವ ಒಂದೆರಡು ವರ್ಷ ಈ ವರ್ಗಾವಣೆ ಶುಲ್ಕದ ಹಣ ಚೆನ್ನಾಗಿಯೇ ಹರಿದೀತು. ಅದನ್ನು ನೋಡಿ ಪಂಚಾಯಿತಿ ಶ್ರೀಮಂತವಾಯಿತೆಂದು ತಿಳಿಯುವುದು, ಎತ್ತು ಮಾರಿದ ಹಣವನ್ನು ಬೆಳೆಯ ಆದಾಯವೆಂದು ಬರೆದುಕೊಂಡ ಹಾಗೆ. ಒಮ್ಮೆ ಬಂದದ್ದು ಮತ್ತೆ ಬಾರದು. ದೀಪ ಮಾತ್ರ ಪ್ರತಿ ರಾತ್ರಿ ಉರಿಯಬೇಕು.

ಇದೇ ಕಚೇರಿಯ ಬಗ್ಗೆ ರೈತರಲ್ಲಿ ಒಂದು ಹೆದರಿಕೆಯಿದೆ: ಪಕ್ಕದಲ್ಲಿ ಬಡಾವಣೆಯಾದರೆ ನಮ್ಮ ನೆಲದ ಸರ್ಕಾರಿ ಬೆಲೆಯೂ ಏರಿ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದೇ ಕಷ್ಟವಾಗುತ್ತದೆ ಎಂದು. ಮನೆಮಂದಿಯ ನಡುವಿನ ವಿಭಾಗಪತ್ರ, ದಾನಪತ್ರಗಳ ಶುಲ್ಕಕ್ಕೆ ಗರಿಷ್ಠ ಮಿತಿಯಿರುವುದರಿಂದ ಈ ಹೆದರಿಕೆ ಕೊಂಚ ಅತಿಯಾದದ್ದು. ಕಷ್ಟ ಬರುವುದು ಬೇಸಾಯಕ್ಕೆಂದೇ ಪಕ್ಕದ ಅರ್ಧ ಎಕರೆ ಕೊಳ್ಳಹೊರಟ ರೈತನಿಗೆ. ಎಕರೆಗೆ 20 ಲಕ್ಷ ಸರ್ಕಾರಿ ಬೆಲೆಯಾದರೆ ಅರ್ಧ ಎಕರೆಗೆ ಅವನು ಕಟ್ಟಬೇಕಾದ್ದು 90,000. ಅದೇ ಸರ್ವೆ ನಂಬರನ್ನು ಎಕರೆಯ ಲೆಕ್ಕದಿಂದ ಚದರಡಿಯ ಲೆಕ್ಕಕ್ಕೆ ತಿರುಗಿಸಿ, ಅಡಿಗೆ ಬರಿಯ 100 ರೂಪಾಯಿ ಇಟ್ಟರೂ ಶುಲ್ಕ 1,96,000 ಆಗುತ್ತದೆ. ಅವನು ಬೆಳೆಯುವುದು ಮಾತ್ರ ಅದೇ ಟೊಮೇಟೊ, ಅದೇ ಎಲೆಕೋಸು.

ಪಟ್ಟಣಕ್ಕೆ ಸೇರಿಸುವ ಭಯಕ್ಕೆ ಬರೋಣ. ಇದು ಪೊಳ್ಳು ಭಯವಲ್ಲ. ಮನೆಗಳು ಒತ್ತಾದ ಊರನ್ನು ಪಟ್ಟಣದ ಒಳಕ್ಕೆ ಎಳೆದುಕೊಳ್ಳುವುದು ಎಲ್ಲ ಕಡೆಯ ವಾಡಿಕೆ. 2022ರಲ್ಲಿ ತಮಿಳುನಾಡು ಸರ್ಕಾರ ಪಟ್ಟಣಗಳ ಆಸ್ತಿತೆರಿಗೆಯನ್ನು ಏರಿಸಿದಾಗ ಚೆನ್ನೈ ಬಿಟ್ಟು ಉಳಿದ ಕಡೆ 600 ಚದರಡಿಯೊಳಗಿನ ಮನೆಗೆ ನೂರಕ್ಕೆ 25, 1,200ರವರೆಗೆ 50, 1,800ರವರೆಗೆ 75, ಅದಕ್ಕೂ ಮೇಲಿನದಕ್ಕೆ 100 ಹೆಚ್ಚಾಯಿತು. ನಮ್ಮ ಹಳ್ಳಿಯ ಮನೆಗಳು ಬಡವರದಾದರೂ ಚಿಕ್ಕವಲ್ಲ. ಜಗಲಿ, ನಡುಮನೆ, ರಾಗಿಯ ಕಣಜಕ್ಕೊಂದು ಕೋಣೆ, ದನದ ಕೊಟ್ಟಿಗೆ ಎಲ್ಲ ಸೇರಿದರೆ ಅಡಿಯ ಲೆಕ್ಕದಲ್ಲಿ ದೊಡ್ಡ ಮನೆಯೇ. ಅಡಿಕೋಲು ಹಿಡಿದು ಬಂದವರಿಗೆ ಕೊಟ್ಟಿಗೆಗೂ ಹಾಲ್‌ಗೂ ಇರುವ ಭೇದವನ್ನು ತಿಳಿಸಬೇಕಾದೀತು. 2025ರ ಆರಂಭದಲ್ಲಿ ಅನೇಕ ಗ್ರಾಮ ಪಂಚಾಯಿತಿಗಳನ್ನು ಪಟ್ಟಣಗಳಿಗೆ ಸೇರಿಸುವ ಮಾತು ಬಂದಾಗ ರಾಜ್ಯದ ಹಲವು ಜಿಲ್ಲೆಗಳ ಹಳ್ಳಿಗರು ಬೀದಿಗಿಳಿದರು. ತೆರಿಗೆ ಏರುತ್ತದೆಂಬುದು ಒಂದು ಕಾರಣ. ಗ್ರಾಮಾಂತರಕ್ಕೆ ಮಾತ್ರ ಇರುವ ಉದ್ಯೋಗ ಖಾತರಿಯ ಕೆಲಸ ತಪ್ಪುತ್ತದೆಂಬುದು ಇನ್ನೊಂದು. ಕೂಲಿಯವರ ಮನೆಗೆ ಈ ಎರಡನೆಯದೇ ದೊಡ್ಡ ನಷ್ಟ. ಬಡಾವಣೆಯ ಪರವಾಗಿ ಮಾತನಾಡುವ ಭೂಮಾಲಿಕರಿಗೆ ಇದು ನೆನಪಿಗೆ ಬರುವುದು ಅಪರೂಪ.

ಭೂಮಾಲಿಕರೂ ಒಂದು ಸಂಗತಿಯನ್ನು ತಿಳಿದಿರಬೇಕು. ಹಳ್ಳಿಯ ಬೇಸಾಯದ ನೆಲ ಮಾರಿದರೆ ಇನ್‌ಕಂ ಟ್ಯಾಕ್ಸ್ ಇಲ್ಲವೆಂದು ಎಲ್ಲರೂ ಹೇಳುತ್ತಾರೆ. ಅದು ಪಟ್ಟಣದಿಂದ ದೂರವಿರುವ ನೆಲಕ್ಕೆ ಮಾತ್ರ. ಹತ್ತು ಸಾವಿರಕ್ಕೆ ಮೇಲ್ಪಟ್ಟು ಒಂದು ಲಕ್ಷದವರೆಗೆ ಜನರಿರುವ ಪಟ್ಟಣದ ಎಲ್ಲೆಯಿಂದ 2 ಕಿಲೋಮೀಟರು, ಹತ್ತು ಲಕ್ಷದವರೆಗಿನದಾದರೆ 6, ಅದಕ್ಕೂ ದೊಡ್ಡದಾದರೆ 8 ಕಿಲೋಮೀಟರು ದಾಟಿರಬೇಕು. ರಸ್ತೆಯ ದೂರವಲ್ಲ, ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದ ದೂರ. ಹೊಸೂರಿನ ಜನಸಂಖ್ಯೆ 2011ರ ಗಣತಿಯಲ್ಲಿಯೇ ಲಕ್ಷ ದಾಟಿದ್ದರಿಂದ ಅದರ ಎಲ್ಲೆಯ ಸುತ್ತ ಆರು ಕಿಲೋಮೀಟರಿನ ನೆಲಕ್ಕೆ ಈ ವಿನಾಯಿತಿ ದೊರೆಯದು. ಎಲ್ಲೆ ಮುಂದೆ ಸರಿದರೆ ಈ ಆರು ಕಿಲೋಮೀಟರೂ ಅದರೊಡನೆಯೇ ಸರಿಯುತ್ತದೆ. ಎರಡು ವರ್ಷದಿಂದ ಉಳುತ್ತಿದ್ದ ನೆಲವನ್ನು ಮಾರಿ, ಮತ್ತೆರಡು ವರ್ಷದೊಳಗೆ ಬೇರೆ ಕಡೆ ಬೇಸಾಯದ ನೆಲ ಕೊಂಡರೆ ಆ ಮಟ್ಟಿಗೆ ತೆರಿಗೆಯಿಂದ ಬಿಡುಗಡೆಯುಂಟು. ಹಣ ಕೈಗೆ ಬಂದ ಮೇಲೆ ಟ್ರಾಕ್ಟರು, ಕಾರು ಕೊಂಡವರಿಗೆ ಅದಿಲ್ಲ. ಮುಂಗಡ ತೆಗೆದುಕೊಳ್ಳುವ ಮುಂಚೆಯೇ ಲೆಕ್ಕ ಬಲ್ಲ ಆಡಿಟರೊಬ್ಬರನ್ನು ಕಂಡು ಬರುವುದು ಮೇಲು.

ಕಂದಾಯದ ಪುಸ್ತಕದಲ್ಲಿ ಬರೆಯಲಾಗದ ಹೊರೆಯೊಂದಿದೆ. 228 ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗಬೇಕು? ನಕ್ಷೆಯಲ್ಲಿ ಒಂದು ಗೆರೆ ಎಳೆದು ಚರಂಡಿಯೆಂದು ಬರೆದಿರುತ್ತಾರೆ. ಆ ಗೆರೆ ಬಡಾವಣೆಯ ಬೇಲಿಯಲ್ಲಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಇಳಿಜಾರು ಹಿಡಿದು ಕೆರೆಗೆ ಬರುತ್ತದೆ. ದಕ್ಷಿಣ ಪಿನಾಕಿನಿ ಬೆಂಗಳೂರಿನ ಕಡೆಯ ಕೊಳೆಯನ್ನು ಹೊತ್ತುತಂದು ಕೆಲವರಪಳ್ಳಿ ಅಣೆಯಲ್ಲಿ ನೊರೆ ಏಳಿಸುವುದನ್ನು ಈ ಸೀಮೆಯವರೆಲ್ಲ ನೋಡಿದ್ದೇವೆ. ದೊಡ್ಡ ಊರು ನಮಗೆ ಮಾಡಿದ್ದನ್ನು ನಾವು ನಮ್ಮ ಕೆಳಗಿನ ಹೊಲದವರಿಗೆ ಮಾಡಬಾರದು. ಕೊಳವೆಬಾವಿಯ ಮಾತೂ ಹೀಗೆಯೇ. ಬಡಾವಣೆಯವರು ಸಾವಿರ ಅಡಿ ಕೊರೆಸಿದರೆ ಪಕ್ಕದ ಗುಲಾಬಿ ತೋಟದವನ ಆರುನೂರು ಅಡಿಯ ಬಾವಿ ಏನಾದೀತೆಂದು ಯಾರೂ ಕೇಳುವುದಿಲ್ಲ. ಕೆಲವರು ಬೇಸಾಯದ ಪುಕ್ಕಟೆ ಕರೆಂಟಿನಲ್ಲಿ ನೀರೆತ್ತಿ ಬಡಾವಣೆಗೆ ಟ್ಯಾಂಕರಿನಲ್ಲಿ ಮಾರುವುದುಂಟು. 1990ರಿಂದ ಎಲ್ಲ ರೈತರಿಗೂ ದೊರೆತಿರುವ ಸವಲತ್ತನ್ನು ಹೀಗೆ ಕೆಡಿಸುವವರು ಇತರರಿಗೂ ಕೇಡು ತರುವರು.

ಹಾಗಾದರೆ ಊರಿನವರು ಮಾಡಬೇಕಾದ್ದೇನು? ಬಡಾವಣೆಯ ನಕ್ಷೆಗೆ ನಗರ ಮತ್ತು ಗ್ರಾಮ ಯೋಜನಾ ಇಲಾಖೆಯ ಮಂಜೂರಾತಿ ಆಗಿದೆಯೇ ಎಂದು ಮೊದಲು ಕೇಳಬೇಕು. ಮಂಜೂರಾಗದ ಸೈಟುಗಳನ್ನು ರಿಜಿಸ್ಟರು ಮಾಡಬಾರದೆಂದು 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ತಡೆದಾಗ ಎಷ್ಟು ಸಂಸಾರಗಳು ಕೈಯಲ್ಲಿ ಪತ್ರ ಹಿಡಿದು ಅಲೆದುವು, ಆಮೇಲೆ 2017ರ ಯೋಜನೆಯಲ್ಲಿ ಹಣ ಕಟ್ಟಿ ಸಕ್ರಮ ಮಾಡಿಸಿಕೊಂಡುವು ಎಂಬುದು ಮರೆಯುವಂಥದ್ದಲ್ಲ. ರಸ್ತೆಯ, ಬಯಲು ಜಾಗದ ದಾನಪತ್ರ ಪಂಚಾಯಿತಿಯ ಹೆಸರಿಗೆ ರಿಜಿಸ್ಟರಾಗಿದೆಯೇ ಎಂದು ನಕಲು ತರಿಸಿ ನೋಡಬೇಕು. ಆ ಎಪ್ಪತ್ತು ಸೆಂಟು ಎಲ್ಲಿದೆಯೆಂದು ನಡೆದುಹೋಗಿ ನೋಡಬೇಕು. ಹಳ್ಳದ ಅಂಚಿನ, ಯಾರಿಗೂ ಬೇಡದ ಮೂಲೆಯನ್ನು ಉದ್ಯಾನವೆಂದು ತೋರಿಸುವುದು ಹೊಸ ಸಂಗತಿಯಲ್ಲ. ದೀಪ, ನೀರಿನ ಟ್ಯಾಂಕು, ಚರಂಡಿಯ ಕೊನೆಯ ಗುಂಡಿ ಇವನ್ನು ಬಡಾವಣೆಯವರೇ ಮಾಡಿ ಮುಗಿಸಿದ ಮೇಲೆ ಪಂಚಾಯಿತಿ ವಹಿಸಿಕೊಳ್ಳಲಿ. ಅರ್ಧ ಸೈಟುಗಳಲ್ಲಿ ಮನೆ ಏಳುವವರೆಗೆ ದೀಪದ ಖರ್ಚನ್ನು ಅವರೇ ಕೊಡುವಂತೆ ಬರೆಹದಲ್ಲಿ ಒಪ್ಪಿಸಿಕೊಳ್ಳಲಿ. ಸೈಟಿಗೆ ಚದರಡಿ ಲೆಕ್ಕದಲ್ಲಿ ಹಣ ಎಣಿಸುವವರಿಗೆ ಇದು ಭಾರವಲ್ಲ.

2025ರ ಜನವರಿಯಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಚುನಾಯಿತ ಪಂಚಾಯಿತಿಗಳ ಅವಧಿ ತೀರಿ ಅಧಿಕಾರ ವಿಶೇಷಾಧಿಕಾರಿಗಳ ಕೈಗೆ ಹೋಯಿತು. ಅಧ್ಯಕ್ಷರಿಲ್ಲದ ಸಮಯದಲ್ಲಿ ಊರಿಗೆ ಉಳಿಯುವ ಬಾಯಿ ಗ್ರಾಮಸಭೆಯೊಂದೇ. ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಸಲ ಅದು ಸೇರುತ್ತದೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಕೊನೆಯದು ನಮಗೆ ರಾಜ್ಯೋತ್ಸವದ ದಿನವೂ ಹೌದು. ಬೆಳಿಗ್ಗೆ ಬಾವುಟ ಏರಿಸಿ ಸಿಹಿ ಹಂಚಿದವರು ಗ್ರಾಮಸಭೆಯ ಹೊತ್ತಿಗೆ ತೋಟಕ್ಕೆ ಹೋಗಿಬಿಟ್ಟರೆ, ಠರಾವಿನ ಪುಸ್ತಕಕ್ಕೆ ಹತ್ತು ಜನರ ರುಜುವಷ್ಟೇ ಬೀಳುತ್ತದೆ.

ಆ ಪುಸ್ತಕದಲ್ಲಿ ಬರೆಯುವುದು ತಮಿಳಿನಲ್ಲಿ. ನಮ್ಮ ಹಿರಿಯರಿಗೆ ಸಂತೆಯ ತಮಿಳು ಚೆನ್ನಾಗಿ ಬರುತ್ತದೆ, ಕಚೇರಿಯ ತಮಿಳು ಬಾರದು. ಹೆಬ್ಬೆಟ್ಟೊತ್ತುವವರ ಸಂಗತಿ ಹೇಳಬೇಕಾದ್ದೇ ಇಲ್ಲ. ಶಾಲೆ ಕಲಿತ ಹುಡುಗರು ಊರಲ್ಲಿ ಈಗ ಬೇಕಾದಷ್ಟಿದ್ದಾರೆ. ರುಜು ಹಾಕುವ ಮುಂಚೆ ಬರೆದದ್ದನ್ನು ಒಬ್ಬ ಹುಡುಗ ಎದ್ದುನಿಂತು ಗಟ್ಟಿಯಾಗಿ ಓದಿ, ಸರ್ವೆ ನಂಬರು, ಎಕರೆ, ಸೆಂಟು ಸಹಿತ ಕನ್ನಡದಲ್ಲಿ ಬಿಡಿಸಿ ಹೇಳಲಿ. ಬಡಾವಣೆಗೆ ಒಪ್ಪಿಗೆಯೆಂದು ಬರೆದು, ಷರತ್ತುಗಳನ್ನು "ಆಮೇಲೆ ಸೇರಿಸುತ್ತೇವೆ" ಎಂದರೆ ಆ ಪುಟಕ್ಕೆ ರುಜು ಹಾಕಬೇಡಿರಿ.