ಅಂಕ ಸಿಕ್ಕಿತು, ವಿದ್ಯೆ ಸಿಕ್ಕಿತೇ?

ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯದಲ್ಲಿ ನೂರಕ್ಕೆ 86 ಅಂಕ ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳು ರಜೆಗೆಂದು ಊರಿಗೆ ಹೋಗಿದ್ದಳು. ಸೋದರಮಾವನ ಝೆರಾಕ್ಸ್ ಅಂಗಡಿಯಲ್ಲಿ ಅಂದು ಇಂಟರ್‌ನೆಟ್ ನಿಂತುಹೋಗಿತ್ತು. ಹೊರಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಂದವರ ಸಾಲು. “ನೀನು ಓದಿದ್ದು ಇದನ್ನೇ ಅಲ್ವೇನಮ್ಮಾ, ಸ್ವಲ್ಪ ನೋಡು” ಎಂದರು ಮಾವ. ಓಎಸ್‌ಐ ಮಾದರಿಯ ಏಳು ಪದರಗಳು ಅವಳಿಗೆ ಬಾಯಿಪಾಠವಾಗಿದ್ದವು. ಆದರೆ ಆ ಡಬ್ಬಿಯ ಮುಂದೆ ಕುಳಿತಾಗ ಮೊದಲು ಯಾವುದನ್ನು ನೋಡಬೇಕು, ಆಮೇಲೆ ಯಾವುದನ್ನು ಎಂಬುದೇ ತೋಚಲಿಲ್ಲ. ಕೊನೆಗೆ ಪಿಯುಸಿ ಅರ್ಧಕ್ಕೆ ಬಿಟ್ಟ ಕೇಬಲ್ ಹುಡುಗ ಬಂದ. ಅಂಕಿಯ ವಿಳಾಸಕ್ಕೆ ಪಿಂಗ್ ಹೋಗುತ್ತಿದೆ, ಹೆಸರಿಗೆ ಹೋಗುತ್ತಿಲ್ಲ ಎಂಬುದನ್ನು ಕಂಡುಕೊಂಡ. ಡಿಎನ್‌ಎಸ್ ವಿಳಾಸ ಬದಲಿಸಿ ಐದು ನಿಮಿಷದಲ್ಲಿ ಹೊರಟುಹೋದ.

ರಜೆ ಮುಗಿಸಿ ಬಂದ ಹುಡುಗಿ ನಮ್ಮೆದುರು ನಿಂತು ಹೇಳಿದಳು: “ಸಾರ್, ಡಿಎನ್‌ಎಸ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆದಿದ್ದೆ.”

ಆ ಹತ್ತು ಅಂಕ ಕೊಟ್ಟವರು ನಾವೇ. ಆದ್ದರಿಂದ ಈ ಲೇಖನದಲ್ಲಿ ಬೈಗುಳವೇನಾದರೂ ಇದ್ದರೆ ಅದು ಮೊದಲು ನಮಗೇ ಸಲ್ಲಬೇಕು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯ ಕಲಿಸುವ ನಾವು, ಜಾಲದ ಕುರಿತು ಬರೆದದ್ದನ್ನು ಪರೀಕ್ಷಿಸುತ್ತಿದ್ದೇವೆಯೇ ಹೊರತು ಜಾಲ ತಿಳಿದಿದೆಯೇ ಎಂಬುದನ್ನಲ್ಲ. ಪಾಠದ ಯೋಜನೆ, ಪ್ರಶ್ನೆಪತ್ರಿಕೆ, ಲ್ಯಾಬ್, ವೈವಾ ಎಲ್ಲವೂ ಈ ಒಂದು ತಪ್ಪಿನ ಸುತ್ತ ಕಟ್ಟಿದ ಗೋಡೆಗಳಾಗಿವೆ.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ಬಂತು. ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರಶ್ನೆಪತ್ರಿಕೆಯ ಸ್ವರೂಪವನ್ನೊಮ್ಮೆ ನೋಡಿ. ಐದು ಮಾಡ್ಯೂಲುಗಳು, ಪ್ರತಿಯೊಂದರಿಂದ ಎರಡು ಪೂರ್ಣ ಪ್ರಶ್ನೆಗಳು, ಅವುಗಳಲ್ಲಿ ಒಂದನ್ನು ಆರಿಸಿ ಉತ್ತರಿಸಬೇಕು. ಈ ಚೌಕಟ್ಟಿನಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಅದರೊಳಗೆ ನಾವು ತುಂಬುವ ಸರಕಿನಲ್ಲಿ. “ಟಿಸಿಪಿ ಹೆಡರಿನ ಚಿತ್ರ ಬರೆದು ವಿವರಿಸಿ”, “ಓಎಸ್‌ಐ ಮತ್ತು ಟಿಸಿಪಿ-ಐಪಿ ಮಾದರಿಗಳನ್ನು ಹೋಲಿಸಿ” ಎಂಬಂಥ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಸ್ಥಾನ ಬದಲಿಸುತ್ತಾ ತಿರುಗುತ್ತಿರುತ್ತವೆ. ಹಿಂದಿನ ಐದು ವರ್ಷಗಳ ಪತ್ರಿಕೆಗಳನ್ನು ಝೆರಾಕ್ಸ್ ಮಾಡಿಸಿಕೊಂಡ ವಿದ್ಯಾರ್ಥಿಗೆ ಪುಸ್ತಕವೇ ಬೇಡ. ಅವನನ್ನು ಸೋಮಾರಿ ಎನ್ನುವ ಹಕ್ಕು ನಮಗಿಲ್ಲ. ನಾವು ಕೇಳುವುದೇನೆಂದು ಅವನಿಗೆ ಚೆನ್ನಾಗಿ ಗೊತ್ತು.

ಇನ್ನು ಲ್ಯಾಬಿನ ಸ್ಥಿತಿ. 2015ರ ಸ್ಕೀಮಿನ ನೆಟ್‌ವರ್ಕ್ ಲ್ಯಾಬಿನಲ್ಲಿ ಹನ್ನೆರಡು ಪ್ರಯೋಗಗಳಿದ್ದವು. ಆರು ಸಿಮ್ಯುಲೇಟರಿನಲ್ಲಿ, ಆರು ಜಾವಾದಲ್ಲಿ. ಪರೀಕ್ಷೆಯ ದಿನ ವಿದ್ಯಾರ್ಥಿ ಚೀಟಿ ಎತ್ತಬೇಕು. ಬಂದ ಪ್ರಯೋಗವನ್ನು ಬರೆದು, ಟೈಪಿಸಿ, ಓಡಿಸಿ ತೋರಿಸಬೇಕು. ಚೀಟಿ ಬದಲಿಸಿಕೊಳ್ಳಲು ಒಮ್ಮೆ ಅವಕಾಶವುಂಟು, ಆದರೆ ವಿಧಾನ ಬರೆಯುವುದಕ್ಕೆ ಮೀಸಲಾದ ಅಂಕ ಸೊನ್ನೆಯಾಗುತ್ತದೆ. ಹನ್ನೆರಡು ಪ್ರೋಗ್ರಾಮುಗಳನ್ನು ಕಂಠಪಾಠ ಮಾಡಿದವನು ಇಲ್ಲಿ ಗೆಲ್ಲುತ್ತಾನೆ. ಒಂದನ್ನು ಆಳವಾಗಿ ಅರಿತವನು ಸೋಲಲೂಬಹುದು. ಆ ಸ್ಕೀಮಿನ ಮಕ್ಕಳು ಐದನೇ ಸೆಮಿಸ್ಟರಿಗೆ ಬಂದದ್ದು 2017ರಲ್ಲಿ. ಪಟ್ಟಿಯಲ್ಲಿ ಸಿಡಿಎಂಎ ಜಾಲದ ಪ್ರಯೋಗವೊಂದಿತ್ತು. ಅಷ್ಟು ಹೊತ್ತಿಗೆ ನಮ್ಮ ದೇಶದ ಮೊಬೈಲ್ ಮಾರುಕಟ್ಟೆಯಿಂದ ಸಿಡಿಎಂಎ ಸೇವೆ ಬಹುಮಟ್ಟಿಗೆ ಮರೆಯಾಗಿತ್ತು. ಅನೇಕ ಲ್ಯಾಬುಗಳು ನೆಚ್ಚಿಕೊಂಡಿದ್ದ ಎನ್‌ಎಸ್-2 ಸಿಮ್ಯುಲೇಟರಿನ ಕೊನೆಯ ಆವೃತ್ತಿ ಬಂದದ್ದು 2011ರಲ್ಲಿ. ಹಳೆಯದನ್ನು ಕಲಿಸಬಾರದೆಂದು ನಾವು ಹೇಳುತ್ತಿಲ್ಲ. ಏಕೆ ಕಲಿಸುತ್ತಿದ್ದೇವೆಂದು ಒಮ್ಮೆಯಾದರೂ ಕೇಳಿಕೊಂಡೆವೇ ಎಂಬುದೇ ಪ್ರಶ್ನೆ.

2022ರ ಸ್ಕೀಮಿನಲ್ಲಿ ಥಿಯರಿ ಮತ್ತು ಲ್ಯಾಬನ್ನು ಒಂದೇ ಕೋರ್ಸಿನೊಳಗೆ ತಂದರು. ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ, ಅದರಲ್ಲಿ ಅರ್ಧ ಲ್ಯಾಬಿಗೆ. ಓದುವುದನ್ನೂ ಮಾಡುವುದನ್ನೂ ಜೊತೆಗೂಡಿಸಿದ್ದು ಸರಿಯಾದ ಹೆಜ್ಜೆಯೇ. ಆದರೆ ಸೆಮಿಸ್ಟರ್ ಕೊನೆಯ ಪರೀಕ್ಷೆ ಕಾಗದದ ಮೇಲೆಯೇ ಉಳಿಯಿತು. ಲ್ಯಾಬಿಗೆ ಪ್ರತ್ಯೇಕ ಬಾಹ್ಯ ಪರೀಕ್ಷೆ ಇಲ್ಲವಾಯಿತು. ಹಾಗಿರುವಾಗ ಲ್ಯಾಬಿನ ಅಂಕ ಕಾಲೇಜಿನ ಔದಾರ್ಯವಾಗಿಬಿಡುವ ಅಪಾಯವಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಲ್ಯಾಬ್ ರೆಕಾರ್ಡನ್ನೂ ಅಸೈನ್‌ಮೆಂಟನ್ನೂ ನೋಡಿ ಅಂಕ ಹಾಕುವುದು ಆತ್ಮವಂಚನೆಯಲ್ಲದೆ ಮತ್ತೇನು?

ಯೋಜನೆಯ ಬಗ್ಗೆ ನಾವು ಮಾತಾಡುವುದೇ ಇಲ್ಲವೆಂದಲ್ಲ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ‘ಫಲಿತಾಂಶ ಆಧಾರಿತ ಶಿಕ್ಷಣ’ ಎಂಬ ಮಾತು ಪ್ರತಿ ಸ್ಟಾಫ್ ರೂಮಿನಲ್ಲೂ ಕೇಳತೊಡಗಿತು. ಅದರ ತತ್ವ ಬಹಳ ಸರಳ, ಬಹಳ ಸರಿ. ಕೋರ್ಸು ಮುಗಿದಾಗ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕೆಂದು ಮೊದಲು ತೀರ್ಮಾನಿಸಿ, ಅದನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿ, ಆಮೇಲೆ ಪಾಠ ಹೊಂದಿಸಿ ಎನ್ನುತ್ತದೆ ಅದು. ನಾವು ಮಾಡಿದ್ದೇನು? ಪಾಠ ಹಳೆಯದು, ಪ್ರಶ್ನೆ ಹಳೆಯದು. ಕೊನೆಯಲ್ಲಿ ಎಕ್ಸೆಲ್ ಹಾಳೆ ತೆರೆದು 3, 2, 1 ಎಂದು ಚೌಕಗಳನ್ನು ತುಂಬಿದೆವು. ಬೆಂಜಮಿನ್ ಬ್ಲೂಮ್ 1956ರಲ್ಲಿ ಕಲಿಕೆಯ ಹಂತಗಳ ವರ್ಗೀಕರಣ ಮುಂದಿಟ್ಟದ್ದು ಶಿಕ್ಷಕ ಯೋಚಿಸಲಿ ಎಂದು. ನಾವು ‘ವಿವರಿಸಿ’ ಎಂದಿದ್ದಲ್ಲಿ ‘ವಿಶ್ಲೇಷಿಸಿ’ ಎಂದು ತಿದ್ದಿ ಪ್ರಶ್ನೆಯ ಮಟ್ಟ ಏರಿತೆಂದು ಬರೆದುಕೊಂಡೆವು. ಬೇಕಾದ ಉತ್ತರ ಮಾತ್ರ ಅದೇ ಹಳೆಯ ಗೈಡಿನ ಉತ್ತರ. ಕೋರ್ಸ್ ಫೈಲು ದಪ್ಪವಾಯಿತು, ಪರಿಶೀಲನೆಗೆ ಬಂದ ಸಮಿತಿ ಸಂತೋಷಪಟ್ಟಿತು, ಝೆರಾಕ್ಸ್ ಅಂಗಡಿಯ ಜಾಲ ಮಾತ್ರ ಕೆಟ್ಟೇ ಇತ್ತು.

ಹಾಗಾದರೆ ಏನು ಮಾಡಬೇಕು? ಟೀಕೆಗಷ್ಟೇ ನಿಲ್ಲುವುದು ಸುಲಭ. ಕೆಲವು ಸ್ಪಷ್ಟ ಸಲಹೆಗಳನ್ನು ನಾವು ಮುಂದಿಡುತ್ತೇವೆ.

ಸೆಮಿಸ್ಟರ್ ಆರಂಭಕ್ಕೆ ಮುನ್ನ ನಾಲ್ಕೇ ಸಾಲು ಬರೆದುಕೊಳ್ಳೋಣ. ಈ ಕೋರ್ಸ್ ಮುಗಿಸಿದವನು ಒಂದು ಸಂಸ್ಥೆಗೆ ಐಪಿ ವಿಳಾಸಗಳನ್ನು ಹಂಚಬಲ್ಲನು. ತಂತಿಯ ಮೇಲೆ ಹರಿದ ಪ್ಯಾಕೆಟ್ಟುಗಳ ದಾಖಲೆಯನ್ನು ಓದಬಲ್ಲನು. ಪರಸ್ಪರ ಮಾತಾಡುವ ಎರಡು ಪ್ರೋಗ್ರಾಮುಗಳನ್ನು ಬರೆಯಬಲ್ಲನು. ಕೆಟ್ಟ ಜಾಲದಲ್ಲಿ ದೋಷ ಎಲ್ಲಿದೆಯೆಂದು ಕ್ರಮಬದ್ಧವಾಗಿ ಹುಡುಕಬಲ್ಲನು. ಈ ನಾಲ್ಕಕ್ಕೂ ನೆರವಾಗದ ಪಾಠಕ್ಕೆ ನಲವತ್ತು ಗಂಟೆಗಳ ಬೋಧನೆಯಲ್ಲಿ ಎಷ್ಟು ಜಾಗ ಕೊಡಬೇಕೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಎರಡನೆಯದು ಪ್ರಶ್ನೆಪತ್ರಿಕೆ. ನೂರರಲ್ಲಿ ಕನಿಷ್ಠ 40 ಅಂಕ ವಿದ್ಯಾರ್ಥಿ ಹಿಂದೆಂದೂ ಕಾಣದ ಸನ್ನಿವೇಶಗಳಿಗೆ ಮೀಸಲಾಗಲಿ. ಉದಾಹರಣೆಗೆ, ಹತ್ತು ಸಾಲಿನ ಪ್ಯಾಕೆಟ್ ದಾಖಲೆಯೊಂದನ್ನು ಪತ್ರಿಕೆಯಲ್ಲೇ ಮುದ್ರಿಸೋಣ. ಸಂಪರ್ಕ ಕೋರುವ ಪ್ಯಾಕೆಟ್ ಒಮ್ಮೆ ಹೋಗಿದೆ. ಅದೇ ಮತ್ತೆ 1ನೇ, 3ನೇ, 7ನೇ ಸೆಕೆಂಡಿನಲ್ಲಿ ಹೋಗಿದೆ. ಉತ್ತರ ಬಂದಿಲ್ಲ. ಇನ್ನೊಂದು ದಾಖಲೆಯಲ್ಲಿ ಕೋರಿಕೆಗೆ ತಕ್ಷಣವೇ ‘ರೀಸೆಟ್’ ಬಂದಿದೆ. ಎರಡಕ್ಕೂ ವ್ಯತ್ಯಾಸವೇನು? ಬಾಗಿಲು ಬಡಿದಾಗ ಒಳಗಿನಿಂದ “ಇಲ್ಲಿ ಅಂಥವರಿಲ್ಲ” ಎಂಬ ದನಿ ಬಂದರೆ ಮನೆಯಲ್ಲಿ ಜನರಿದ್ದಾರೆಂದು ಅರ್ಥ. ಯಾವ ಸದ್ದೂ ಇಲ್ಲದಿದ್ದರೆ ಮನೆ ಖಾಲಿಯಿರಬಹುದು, ದಾರಿ ತಪ್ಪಿರಬಹುದು, ಕಾವಲುಗಾರ ಗೇಟಿನಲ್ಲೇ ತಡೆದಿರಬಹುದು. ರೀಸೆಟ್ ಬಂದರೆ ಸಾಮಾನ್ಯವಾಗಿ ಯಂತ್ರ ಜೀವಂತವಾಗಿದೆ, ಸೇವೆ ನಡೆಯುತ್ತಿಲ್ಲ. ಮೌನವಾದರೆ ಹುಡುಕಾಟದ ದಾರಿಯೇ ಬೇರೆ. ಟಿಸಿಪಿಯ ಕೈಕುಲುಕನ್ನು ಅರ್ಥ ಮಾಡಿಕೊಂಡವನು ಇದನ್ನು ಬರೆಯಬಲ್ಲ. ಹೆಡರಿನ ಚಿತ್ರವನ್ನಷ್ಟೇ ಉರುಹೊಡೆದವನು ಬರೆಯಲಾರ. ಇನ್ನೊಂದು ಪ್ರಶ್ನೆ: 64 ವಿಳಾಸಗಳ ಒಂದು ಗುಚ್ಛವನ್ನು 70 ಕಂಪ್ಯೂಟರುಗಳಿರುವ ಲ್ಯಾಬಿಗೆ ಕೊಟ್ಟಿದ್ದಾರೆ, ಏನಾಗುತ್ತದೆ? ಎರಡು ವಿಳಾಸ ಕಾದಿರಿಸಿದವು, ಒಂದು ಗೇಟ್‌ವೇಗೆ, ಉಳಿದವು 61. ಒಂಬತ್ತು ಮಕ್ಕಳು ಸುಮ್ಮನೆ ಕುಳಿತಿರಬೇಕಾಗುತ್ತದೆ. ಇಂಥ ಪ್ರಶ್ನೆಗೆ ಯಾವ ಖರ್ಚೂ ಇಲ್ಲ.

ಮೂರನೆಯದು ಲ್ಯಾಬ್. ನಾವೇ ಒಂದು ಜಾಲವನ್ನು ಬೇಕೆಂದೇ ಕೆಡಿಸಿಡೋಣ. ತಪ್ಪು ಗೇಟ್‌ವೇ, ಎರಡು ಯಂತ್ರಗಳಿಗೆ ಒಂದೇ ವಿಳಾಸ, ಸುಳ್ಳು ಡಿಎನ್‌ಎಸ್, ಸಡಿಲವಾದ ಕೇಬಲ್. ಅರ್ಧ ಗಂಟೆಯಲ್ಲಿ ದೋಷ ಹುಡುಕಲಿ. ಕಂಡುಹಿಡಿದುದಕ್ಕಷ್ಟೇ ಅಲ್ಲ, ಹುಡುಕಿದ ಕ್ರಮಕ್ಕೂ ಅಂಕವಿರಲಿ. ವೈವಾದಲ್ಲಿ ವಿದ್ಯಾರ್ಥಿ ಕನ್ನಡದಲ್ಲಿ ಉತ್ತರಿಸಿದರೆ ನಮ್ಮ ಮುಖ ಏಕೆ ಗಂಟಿಕ್ಕಬೇಕು? ನಾವು ಅಳೆಯಬೇಕಾದದ್ದು ಜಾಲದ ತಿಳಿವಳಿಕೆಯನ್ನು, ಇಂಗ್ಲಿಷಿನ ಉಚ್ಚಾರಣೆಯನ್ನಲ್ಲ.

ಪಾಠದಲ್ಲಿ ನಡೆದ ಘಟನೆಗಳೂ ಇರಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಯಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತುಹೋದವು. ನಮ್ಮಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು. ಗಲ್ಫಿನಿಂದ ಬರುವ ಸಂದೇಶಕ್ಕಾಗಿ ಕಾಯುವ ಮನೆಗಳಲ್ಲಿ ಫೋನುಗಳು ಮೂಕವಾದವು. ದುರಸ್ತಿಯ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪೆನಿಯ ಒಳಜಾಲ ಕಡಿದುಹೋಗಿತ್ತು. ಅದರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯ ಪ್ರಕಟಣೆಯನ್ನು ಬಿಜಿಪಿ ಹಿಂತೆಗೆದುಕೊಂಡಿತ್ತು. ಕಂಪೆನಿಯೇ ಇದರ ವಿವರಣೆ ಪ್ರಕಟಿಸಿತು. ರೂಟಿಂಗ್ ಮತ್ತು ಡಿಎನ್‌ಎಸ್ ಎಂಬ ಎರಡು ಮಾಡ್ಯೂಲುಗಳನ್ನು ಒಂದೇ ಗಂಟೆಯಲ್ಲಿ ಜೋಡಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ಸಲಕರಣೆಗೆ ಹಣವೆಲ್ಲಿದೆ ಎನ್ನುತ್ತಾರೆ. ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ 1998ರಿಂದಲೂ, ಅಂದರೆ ಎಥೆರಿಯಲ್ ಎಂಬ ಹೆಸರಿದ್ದಾಗಿನಿಂದಲೂ, ಉಚಿತವಾಗಿದೆ. ಲಿನಕ್ಸ್ ಇರುವ ಒಂದೇ ಹಳೆಯ ಕಂಪ್ಯೂಟರಿನೊಳಗೆ ಹಲವು ಜಾಲಗಳನ್ನು ಸೃಷ್ಟಿಸಬಹುದು. ಇಂಟರ್‌ನೆಟ್ಟಿನ ನಿಯಮಾವಳಿಗಳಾದ ಆರ್‌ಎಫ್‌ಸಿಗಳು 1969ರಲ್ಲಿ ಶುರುವಾದವು. ಇಂದಿಗೂ ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಇಷ್ಟು ಧಾರಾಳವಾಗಿ ಬಾಗಿಲು ತೆರೆದಿಟ್ಟ ವಿದ್ಯೆ ಇನ್ನೊಂದಿಲ್ಲ. ಕೊರತೆಯಿರುವುದು ಹಣದ್ದಲ್ಲ.

ಫಲಿತಾಂಶ ಕುಸಿಯುತ್ತದೆ ಎನ್ನುತ್ತಾರೆ. ಮೊದಲ ವರ್ಷ ಕುಸಿಯಬಹುದು. ಆದರೆ ಜ್ವರ ತೋರಿಸಿದ ಥರ್ಮಾಮೀಟರನ್ನು ಒಡೆದರೆ ರೋಗಿ ಗುಣವಾಗುತ್ತಾನೆಯೇ?

ಮೂರನೆಯ ಆಕ್ಷೇಪ ಗಂಭೀರವಾದುದು, ಅದನ್ನು ನಾವು ಗೌರವಿಸುತ್ತೇವೆ. ಹೆಸರಿಲ್ಲದ ಉತ್ತರಪತ್ರಿಕೆಯೇ ಬಡವನ ರಕ್ಷೆ ಎನ್ನುತ್ತಾರೆ. ಅದನ್ನು ತಿದ್ದುವವನಿಗೆ ವಿದ್ಯಾರ್ಥಿಯ ಜಾತಿ, ಧರ್ಮ, ಉಡುಪು, ತಂದೆಯ ಕಸುಬು ಯಾವುದೂ ತಿಳಿಯದು. ಲ್ಯಾಬಿನಲ್ಲಿ, ವೈವಾದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಈ ಭಯಕ್ಕೆ ಕಾರಣವಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಅದಕ್ಕಾಗಿಯೇ ನಾವು ಲಿಖಿತ ಪರೀಕ್ಷೆ ಬೇಡವೆನ್ನುತ್ತಿಲ್ಲ. ಅದೇ ಹೆಸರಿಲ್ಲದ ಪತ್ರಿಕೆಯಲ್ಲಿ ಒಳ್ಳೆಯ ಪ್ರಶ್ನೆ ಕೇಳಿ ಎನ್ನುತ್ತಿದ್ದೇವೆ. ಲ್ಯಾಬಿನಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಗೋಡೆಗೆ ಅಂಟಿಸಲಿ. ಇಬ್ಬರು ಪರೀಕ್ಷಕರು ಒಬ್ಬರದನ್ನೊಬ್ಬರು ನೋಡದೆ ಅಂಕ ಬರೆಯಲಿ. ತನಗೆ ಅಂಕ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ವಿದ್ಯಾರ್ಥಿಗಿರಲಿ.

ನಿಜ ಹೇಳಬೇಕೆಂದರೆ, ಬಾಯಿಪಾಠದ ಪರೀಕ್ಷೆಯೇ ಬಡವನಿಗೆ ದೊಡ್ಡ ಅನ್ಯಾಯ. ಹಣವುಳ್ಳ ಮನೆಯ ಮಗ ಕಾಲೇಜಿನಲ್ಲಿ ಅಂಕ ತೆಗೆದುಕೊಂಡು, ವಿದ್ಯೆಯನ್ನು ಬೆಂಗಳೂರಿನ ತರಬೇತಿ ಕೇಂದ್ರದಲ್ಲಿ ಪ್ರತ್ಯೇಕ ಶುಲ್ಕ ಕೊಟ್ಟು ಕೊಳ್ಳುತ್ತಾನೆ. ಬೀಡಿ ಕಟ್ಟಿ, ಗ್ಯಾರೇಜಿನಲ್ಲಿ ದುಡಿದು, ಒಡವೆ ಅಡವಿಟ್ಟು ಫೀಸು ಕಟ್ಟಿದವರ ಮಗಳಿಗೆ ಸಿಗುವುದು ಕಾಲೇಜಿನೊಳಗೆ ನಾವು ಕೊಟ್ಟದ್ದು ಮಾತ್ರ. ಅವಳ ಮನೆಯಲ್ಲಿ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದ ಮೊದಲಿಗಳು ಅವಳೇ. ಸಂದರ್ಶನದಲ್ಲಿ “ಸರ್ವರಿಗೆ ಸಂಪರ್ಕ ಸಿಗುತ್ತಿಲ್ಲ, ಏನು ಮಾಡುತ್ತೀರಿ?” ಎಂದು ಕೇಳಿದಾಗ ಅವಳು ತಡವರಿಸಿದರೆ, ಅವಳಿಗೆ ಯೋಗ್ಯತೆಯಿಲ್ಲವೆಂದು ಷರಾ ಬರೆಯುತ್ತಾರೆ. ಆ ಷರಾ ನಮ್ಮ ಹೆಸರಿಗೆ ಬೀಳಬೇಕಾದದ್ದು.

ಸ್ಕೀಮು ಬದಲಾಗಲಿ, ಮಂಡಳಿ ತೀರ್ಮಾನಿಸಲಿ ಎಂದು ಕಾಯುತ್ತಾ ಕೂರುವ ಅಗತ್ಯವಿಲ್ಲ. ಆಂತರಿಕ ಮೌಲ್ಯಮಾಪನದ ಐವತ್ತು ಅಂಕ ಇಂದೇ ನಮ್ಮ ಕೈಯಲ್ಲಿದೆ. ಬರುವ ಸೆಮಿಸ್ಟರಿನ ಮೊದಲ ಟೆಸ್ಟಿನಲ್ಲಿ ಒಂದೇ ಒಂದು ಪ್ರಶ್ನೆಯನ್ನಾದರೂ ಬದಲಿಸೋಣ. “ಡಿಎನ್‌ಎಸ್ ಎಂದರೇನು? ವಿವರಿಸಿ” ಎಂಬುದನ್ನು ಅಳಿಸಿ ಹೀಗೆ ಬರೆಯೋಣ: “ಒಂದು ಝೆರಾಕ್ಸ್ ಅಂಗಡಿಯಲ್ಲಿ ಅಂಕಿಯ ವಿಳಾಸಕ್ಕೆ ಪಿಂಗ್ ಹೋಗುತ್ತಿದೆ, ಹೆಸರಿಗೆ ಹೋಗುತ್ತಿಲ್ಲ. ಹೊರಗೆ ಜನ ಕಾಯುತ್ತಿದ್ದಾರೆ. ನೀವು ಮೊದಲು ಏನು ಮಾಡುತ್ತೀರಿ, ಏಕೆ?”