ಮೇಷ್ಟ್ರಿಗೆ ಸರ್ಟಿಫಿಕೇಟು ಬಂತು, ಮಕ್ಕಳಿಗೆ ಏನು ಬಂತು?

ಹೊರನಾಡು: ಸರ್ಕಾರಿ ಶಾಲೆ ಮೇಷ್ಟ್ರುಗಳಿಗೆ ತರಬೇತಿಯ ಬರ ಇಲ್ಲ. ವರ್ಷಕ್ಕೆ ಕಡಿಮೆ ಅಂದರೂ 50 ಗಂಟೆ ಅವರು ಹೊಸದು ಕಲಿಯಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ‘ನಿಷ್ಠಾ’ ತರಬೇತಿ ಮೊಬೈಲಿಗೇ ಬಂತು. ‘ದೀಕ್ಷಾ’ ಜಾಲತಾಣದಲ್ಲಿ 18 ಪಾಠ. ಮುಗಿಸಿದರೆ ಸರ್ಟಿಫಿಕೇಟು.

ಒಳ್ಳೇದೇ. ಆದರೆ ಮೇಷ್ಟ್ರು ಮೊಬೈಲಿನಲ್ಲಿ ಕಲಿತದ್ದು ತರಗತಿಯ ಒಳಗೆ ಬಂತೇ? ಅದನ್ನು ಕೇಳುವವರು ಯಾರು?

ಕಳಸ-ಹೊರನಾಡು ಸೀಮೆಯ ಮಳೆಗಾಲ ಹೇಗೆ ಅಂತ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ. ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಕತ್ತಲೆ. ಕರೆಂಟು ಹೋದ ಹಿಂದೆಯೇ ಸಿಗ್ನಲ್ಲೂ ಹೋಗುತ್ತದೆ. ಇಂಥ ಕಡೆ ‘ತಂತ್ರಜ್ಞಾನದ ಮೂಲಕ ಮಕ್ಕಳ ಗಮನ ಸೆಳೆಯಿರಿ’ ಅಂದರೆ ಮೇಷ್ಟ್ರು ಏನು ಮಾಡಬೇಕು?

2020ರಲ್ಲಿ ಕೊರೋನಾ ಬಂದಾಗಲೇ ಇದರ ಪರೀಕ್ಷೆ ಆಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಕಾಫಿ ತೋಟದ ಲೈನ್ ಮನೆಯಲ್ಲಿ ಇದ್ದರೆ ಒಂದು ಫೋನು, ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಅಂತ ಮೇಷ್ಟ್ರುಗಳೇ ಊರಿನ ಜಗಲಿ, ಮರದಡಿಗೆ ಹೋಗಿ ಪಾಠ ಮಾಡಿದರು. ಫೋನು ಮುಟ್ಟದ ಮನೆಯನ್ನು ಮುಟ್ಟಿದ್ದು ಅದು.

ಈ ಯಂತ್ರದ ಮೋಹ ಹೊಸದೇನಲ್ಲ. 1975-76ರಲ್ಲಿ ಅಮೆರಿಕದ ಉಪಗ್ರಹ ಎರವಲು ತಂದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗೆ ಟೀವಿ ಪಾಠ ತೋರಿಸಿದರು. ಆ ಪ್ರಯೋಗದಲ್ಲಿ ಮೇಷ್ಟ್ರುಗಳಿಗೂ ವಿಜ್ಞಾನದ ತರಬೇತಿ ಇತ್ತು. ವರ್ಷ ತುಂಬಿತು, ಉಪಗ್ರಹ ವಾಪಸ್ಸಾಯಿತು. 2004ರಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಡಿಶ್ ಬಂತು. 2010ಕ್ಕೆ ಆ ಉಪಗ್ರಹದ ಆಯಸ್ಸೂ ಮುಗಿಯಿತು.

ಹಾಗಂತ ಎಲ್ಲವೂ ದಂಡ ಅಂತಲ್ಲ. 2011ರ ಹೊತ್ತಿಗೆ ರಾಜ್ಯದ ಪ್ರೌಢಶಾಲೆಗಳಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಶುರುವಾಯಿತು. ಗಣಿತದ ಮೇಷ್ಟ್ರಿಗೆ ಗಣಿತದ ಮೇಷ್ಟ್ರೇ ಗುರು. ಸಂಶಯ ಬಂದರೆ ತಮ್ಮತಮ್ಮಲ್ಲೇ ಕೇಳಿ ತಿಳಿದುಕೊಂಡರು, ಕನ್ನಡದಲ್ಲೇ ಪಾಠ ಸಿದ್ಧಮಾಡಿ ಎಲ್ಲರಿಗೂ ಹಂಚಿದರು. ಅವರು ಕಲಿತ ‘ಜಿಯೋಜೀಬ್ರಾ’ ನೋಡಿ. ಶಾಲೆಯಲ್ಲಿ ಬಳಸಲು ಕಾಸು ಕೊಡಬೇಕಾಗಿಲ್ಲ. ಕಂಪ್ಯೂಟರಿಗೆ ಒಮ್ಮೆ ಹಾಕಿಟ್ಟರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಪರದೆ ಮೇಲಿನ ತ್ರಿಕೋನದ ಮೂಲೆ ಹಿಡಿದು ಹುಡುಗಿ ಎಷ್ಟು ಎಳೆದರೂ ಮೂರು ಕೋನ ಕೂಡಿದರೆ 180 ಡಿಗ್ರಿಯೇ. ಬಾಯಿಪಾಠ ಮಾಡಿದ್ದು ಆಗ ಕಣ್ಣಿಗೆ ಕಾಣುತ್ತದೆ. ಗಮನ ಸೆಳೆಯುವುದು ಅಂದರೆ ಇದು.

ಪ್ರಾಥಮಿಕ ಶಾಲೆಯ ಕಷ್ಟ ಬೇರೆ. ತೋಟದ ಸೆರಗಿನ ಶಾಲೆಯಲ್ಲಿ ಇರುವವರೇ ಇಬ್ಬರು ಅನ್ನಿ. ಜಿಲ್ಲೆಯ ತರಬೇತಿ ಸಂಸ್ಥೆ ಇರುವುದು ಸುಮಾರು 100 ಕಿಲೋಮೀಟರ್ ದೂರದ ಚಿಕ್ಕಮಗಳೂರಿನಲ್ಲಿ. ಒಬ್ಬರು ತರಬೇತಿಗೆ ಬಸ್ಸು ಹತ್ತಿದರೆ ಉಳಿದವರು ಐದೂ ತರಗತಿ ಕಾಯಬೇಕು. ಅಪ್ಪಅಮ್ಮ ನೋಡುತ್ತಾರೆ, ಮುಂದಿನ ಜೂನಿಗೆ ಮಗುವನ್ನು ಕಾನ್ವೆಂಟ್ ವ್ಯಾನಿಗೆ ಹತ್ತಿಸುತ್ತಾರೆ. ವ್ಯಾನಿಗೆ ದುಡ್ಡಿಲ್ಲದ ಕೂಲಿಯವರ ಮಗು ಮಾತ್ರ ಅಲ್ಲೇ ಉಳಿಯುತ್ತದೆ. ಮಕ್ಕಳು ಕಡಿಮೆ ಅಂತ ಶಾಲೆಗೆ ಬೀಗ ಬಿದ್ದರೆ ಅದಕ್ಕೆ ಯಾವ ಶಾಲೆ?

ಆದ್ದರಿಂದ ಮೇಷ್ಟ್ರನ್ನು ಘಟ್ಟ ಇಳಿಸಿ ಹತ್ತಿಸುವ ಬದಲು ತರಬೇತಿಯೇ ಹತ್ತಿರದ ಶಾಲೆಗೆ ಬರಲಿ. ಮಳೆ ಹಿಡಿಯುವ ಮೊದಲೇ ಪಾಠಗಳು ಪೆನ್‌ಡ್ರೈವಿನಲ್ಲಿ ಶಾಲೆ ಸೇರಲಿ. ಕಂಪ್ಯೂಟರ್ ಕೊಟ್ಟವರು ಬ್ಯಾಟರಿಯನ್ನೂ ಕೊಡಲಿ. ಎರಡು ತಿಂಗಳು ಬಿಟ್ಟು ಯಾರಾದರೂ ಬಂದು ತರಗತಿಯಲ್ಲಿ ಕೂತು ನೋಡಲಿ.

ಎಷ್ಟು ಜನರಿಗೆ ತರಬೇತಿ ಆಯಿತು ಅನ್ನುವ ಲೆಕ್ಕ ಇಲಾಖೆಯ ಹತ್ತಿರ ಇರುತ್ತದೆ. ಆಮೇಲೆ ಮಗು ಏನು ಕಲಿತಿತು ಅನ್ನುವ ಲೆಕ್ಕವನ್ನು ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಊರಿನವರೇ ಕೇಳಬೇಕು.