ಡಬ್ಬಿಯ ಮೇಲಿನ ವ್ಯಾಟು, ಕಿವಿಗೆ ಬೀಳುವ ನಾದ

ಗಣಕಯಂತ್ರದ ಪಕ್ಕದಲ್ಲಿರಿಸಲು ಒಂದು ಜೊತೆ ಸ್ಪೀಕರುಗಳನ್ನು ಕೊಳ್ಳಹೊರಟವರು ಮೊದಲು ನೋಡುವುದು ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ವ್ಯಾಟುಗಳ ಸಂಖ್ಯೆಯನ್ನು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ನೋಡಿದೆನು. '೧೦೦೦ ವ್ಯಾಟ್ ಪಿ.ಎಂ.ಪಿ.ಓ.' ಎಂದು ಬರೆದಿತ್ತು. ಮರುಮಾತಿಲ್ಲದೆ ಕೊಂಡುಬಂದು, ಮೃದಂಗದ ತನಿಯಾವರ್ತನವೊಂದನ್ನು ಹಚ್ಚಿದೆನು. ಬಲಗಡೆಯ ಚಾಪು ಕೇಳಿಸಿತು. ಎಡಗಡೆಯ ಗುಮ್ಕಿ ಮಾತ್ರ ಎಲ್ಲಿಯೋ ಅಡಗಿತ್ತು.

ಆ ಸ್ಪೀಕರುಗಳಿಗೆ ವಿದ್ಯುತ್ತು ಬರುತ್ತಿದ್ದುದು ಗಣಕಯಂತ್ರದ ಯು.ಎಸ್.ಬಿ. ಕಂಡಿಯಿಂದ. ಹಳೆಯ ಬಗೆಯ ಆ ಕಂಡಿ ಕೊಡಬಲ್ಲದ್ದು ೫ ವೋಲ್ಟು, ಅರ್ಧ ಆಂಪಿಯರು. ಗುಣಿಸಿದರೆ ೨.೫ ವ್ಯಾಟು. ಎರಡೂವರೆ ಸೇರು ಹಾಕಿದ ಕಣಜದಿಂದ ಸಾವಿರ ಸೇರು ಅಳೆಯುವುದೆಂತು? ಪಿ.ಎಂ.ಪಿ.ಓ. ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಇದನ್ನು ಡಬ್ಬಿಯ ಮೇಲೆ ಅಚ್ಚುಹಾಕಲು ಬಿಡಬಾರದೆಂಬುದೇ ನನ್ನ ಅಭಿಪ್ರಾಯ. ಕೊಳ್ಳುವವರು ಆರ್.ಎಂ.ಎಸ್. ವ್ಯಾಟನ್ನು ಕೇಳಲಿ; ಅದೂ ಸಂಶಯವೆನಿಸಿದರೆ ಅಡಾಪ್ಟರಿನ ಬೆನ್ನಿನ ಮೇಲಿರುವ ವೋಲ್ಟು, ಆಂಪಿಯರುಗಳನ್ನು ಗುಣಿಸಿ ನೋಡಲಿ. ಒಂದೇ ಸಮನೆ ಅದಕ್ಕಿಂತ ಹೆಚ್ಚು ಹೊರಡಲಾರದು.

ಇಷ್ಟಕ್ಕೂ ಹೆಚ್ಚು ವ್ಯಾಟು ನಮಗೇತಕ್ಕೆ? ಶಬ್ದವು ಕಿವಿಗೆ ಇಮ್ಮಡಿಯಾಗಿ ತೋರಬೇಕಾದರೆ ಶಕ್ತಿಯು ಸುಮಾರು ಹತ್ತು ಮಡಿಯಾಗಬೇಕು. ಹತ್ತು ವ್ಯಾಟನ್ನು ಇಪ್ಪತ್ತು ಮಾಡಿದರೆ ಏರುವುದು ೩ ಡೆಸಿಬೆಲ್ ಮಾತ್ರ. ಮೇಜಿನ ಮುಂದೆ ಕುಳಿತು ಕೇಳುವವನಿಗೆ ಕೆಲವೇ ವ್ಯಾಟುಗಳು ಧಾರಾಳವಾಗಿ ಸಾಕು. ಕೊರತೆ ಬೀಳುವುದು ಮಂದ್ರದಲ್ಲಿ. ೧೯೨೫ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು ವಿವರಿಸಿದ ಚಲಿಸುವ ಸುರುಳಿಯ ಸ್ಪೀಕರಿನ ತತ್ತ್ವವೇ ಇಂದಿಗೂ ಬಳಕೆಯಲ್ಲಿದೆ: ಕಾಂತಕ್ಷೇತ್ರದಲ್ಲಿ ಸುರುಳಿಯು ಅದುರಿ, ಅದಕ್ಕಂಟಿದ ಶಂಕುವು ಗಾಳಿಯನ್ನು ನೂಕುತ್ತದೆ. ಸ್ವರವು ಒಂದು ಸ್ಥಾಯಿ ಕೆಳಗಿಳಿದಾಗ ಅದೇ ಗಟ್ಟಿತನ ಉಳಿಯಬೇಕಾದರೆ ಶಂಕುವಿನ ಓಲಾಟವು ನಾಲ್ಕು ಮಡಿಯಾಗಬೇಕು. ಎರಡಂಗುಲದ ಪುಟ್ಟ ಶಂಕುವಿಗೆ ಇದು ಹೇಗೆ ಸಾಧ್ಯ? (ಕಾಣೆಯಾದ ಮಂದ್ರವನ್ನು ಅದರ ಮೇಲಿನ ಅನುಸ್ವರಗಳಿಂದ ಊಹಿಸಿಕೊಳ್ಳುವ ಉಪಕಾರವನ್ನು ನಮ್ಮ ಕಿವಿಯೇ ಒಂದಿಷ್ಟು ಮಾಡುತ್ತದೆಯೆನ್ನಿ.) ಆದುದರಿಂದ ಹಣವನ್ನು ವ್ಯಾಟಿಗೆ ಕೊಡುವ ಬದಲು ಮೂರು ನಾಲ್ಕು ಅಂಗುಲದ ಶಂಕುವಿಗೂ ಅದುರದ ಗಟ್ಟಿ ಪೆಟ್ಟಿಗೆಗೂ ಕೊಡುವುದು ಲೇಸು.

ಅಂಗಡಿಯವನು ಹಾಕುವ ಅಬ್ಬರದ ಹಾಡಿಗೆ ಕಿವಿಗೊಡಬೇಡಿರಿ. ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತಿನ ಮುದ್ರಣವನ್ನು ಒಯ್ದು ಕೇಳಿರಿ. ಮನುಷ್ಯಕಂಠವು ಕೆಟ್ಟರೆ ಯಾರ ಕಿವಿಗೂ ಒಡನೆ ತಿಳಿಯುತ್ತದೆ. ಮನೆಯಲ್ಲಿ ಪೆಟ್ಟಿಗೆಗಳನ್ನು ಮೇಜಿನಿಂದ ತುಸು ಎತ್ತರಿಸಿ, ಕಿವಿಯ ಕಡೆಗೆ ಓರೆಮಾಡಿ ಇರಿಸಿರಿ. ಮೇಜಿನಿಂದ ಪುಟಿದು ಬರುವ ಧ್ವನಿಯ ಕಲಬೆರಕೆ ಕಡಿಮೆಯಾಗುತ್ತದೆ. ಹಿಂಬದಿಯಲ್ಲಿ ರಂಧ್ರವಿದ್ದರೆ ಗೋಡೆಗೆ ಒತ್ತಿಡಬಾರದು.

ನನ್ನ ಸಾವಿರ ವ್ಯಾಟಿನ ಜೋಡಿಯು ಈಗ ಅಡುಗೆಮನೆಯ ಕಪಾಟಿನ ಮೇಲಿದೆ. ಬೆಳಗಿನ ವಾರ್ತೆಯನ್ನು ಅದು ಸೊಗಸಾಗಿಯೇ ಓದುತ್ತದೆ.